ಮಸಿಗೆ ಸೋಪು, ಕಿಲುಬಿಗೆ ಹುಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಭೀಮನ ಅಮಾವಾಸ್ಯೆ ಹತ್ತಿರ ಬಂದಿದೆ, ಅದರ ಬೆನ್ನಿಗೇ ಶ್ರಾವಣ. ಈ ವಾರ ಕಲಬುರಗಿಯ ಯಾವ ಓಣಿಗೆ ಹೋದರೂ ಅಂಗಳದಲ್ಲಿ ಹಿತ್ತಾಳೆ ಸಾಮಾನಿನ ರಾಶಿ ಕಾಣುತ್ತದೆ. ದೀಪದ ಕಂಬ, ಆರತಿ, ಗಂಟೆ, ತಂಬಿಗೆ, ಅಜ್ಜಿಯ ಕಾಲದ ಕೊಡ, ಪಕ್ಕದಲ್ಲಿ ನೆನೆಹಾಕಿದ ಹುಣಸೆಹಣ್ಣು. ರಸಾಯನಶಾಸ್ತ್ರ ಕಲಿಸಿದ ಮಾಸ್ತರನೊಬ್ಬನಿಗೆ ಬಾನುಲಿಯಲ್ಲಿ ಮಾತನಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಡ. ನಾನು ಹೇಳುವುದು ಒಂದೇ ಮಾತು. ಮಸಿಗೆ ಸೋಪು, ಕಿಲುಬಿಗೆ ಹುಳಿ. ಮೊದಲು ಸೋಪು, ಆಮೇಲೆ ಹುಳಿ. ತಾಯಂದಿರು ಕೇಳಿ, ಜಗಲಿಯ ಮೇಲೆ ಕುಳಿತು ಪತ್ರಿಕೆ ಓದುತ್ತಿರುವ ಗಂಡಸರೂ ಕೇಳಿ, ತಿಕ್ಕುವ ಕೆಲಸ ಯಾರೊಬ್ಬರ ಹೆಸರಿಗೂ ಬರೆದಿಟ್ಟದ್ದಲ್ಲ.

ದೀಪದ ಮೇಲಿನ ಕೊಳೆ ಎರಡು ಬಗೆಯದು. ಬತ್ತಿಯ ಮೂತಿಯ ಹತ್ತಿರ ಬೆರಳಾಡಿಸಿ ನೋಡಿ. ಕೈಗೆ ಹತ್ತುವ ಆ ಕಪ್ಪು ಮಸಿ, ಅಂದರೆ ಇಂಗಾಲ. ಅರ್ಧ ಸುಟ್ಟ ಎಣ್ಣೆಯ ಜಿಡ್ಡಿನಲ್ಲಿ ಅದು ಕಚ್ಚಿಕೊಂಡು ಕುಳಿತಿರುತ್ತದೆ. ಇನ್ನು ಕಂಬದ ಬುಡದಲ್ಲಿ, ಕೆತ್ತನೆಯ ಸಂದಿಗಳಲ್ಲಿ ಕಂದು, ಹಸಿರು ಬಣ್ಣ ಕಾಣುತ್ತದಲ್ಲ, ಅದು ಕಿಲುಬು. ಹಿತ್ತಾಳೆಯೊಳಗಿನ ತಾಮ್ರವು ಗಾಳಿ ಮತ್ತು ತೇವದೊಡನೆ ಕೂಡಿ ಹುಟ್ಟಿದ ಪದರ ಅದು. ಹುಣಸೆಯ ಹುಳಿ ಆ ಪದರವನ್ನು ಕರಗಿಸುತ್ತದೆ, ನಿಜ. ಆದರೆ ಇಂಗಾಲವನ್ನು ಜಗತ್ತಿನ ಯಾವ ಹುಣಸೆಹಣ್ಣೂ ಕರಗಿಸುವುದಿಲ್ಲ. ನೀವು ರಟ್ಟೆ ನೋಯುವಂತೆ ತಿಕ್ಕಿದಾಗ ಹೋಗುವ ಮಸಿ ತಿಕ್ಕಿದ್ದಕ್ಕೆ ಹೋಯಿತೇ ಹೊರತು ಹುಳಿಗೆ ಅಲ್ಲ. ಜೊತೆಗೆ ಒಂದಿಷ್ಟು ಹಿತ್ತಾಳೆಯೂ ಹೋಯಿತು.

ಆದ್ದರಿಂದ ಮೊದಲು ಜಿಡ್ಡು ಬಿಡಿಸಿ. ಬಿಸಿನೀರು, ಅದರಲ್ಲಿ ಪಾತ್ರೆ ತೊಳೆಯುವ ದ್ರಾವಣ, ಇಲ್ಲವೇ ಒಂದು ಚಮಚ ವಾಷಿಂಗ್ ಸೋಡಾ. ಅರ್ಧ ಗಂಟೆ ನೆನೆಯಲು ಬಿಡಿ. ಜಿಡ್ಡು ಸಡಿಲವಾದರೆ ಮಸಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷಿಗೇ ಎದ್ದು ಬರುತ್ತದೆ. ನಮ್ಮ ಕಡೆಯ ಕೊಳವೆಬಾವಿಗಳ ನೀರು ಗಡಸು. ಸುಣ್ಣದ ಕಲ್ಲಿನ ನೆಲದಿಂದ ಬಂದ ನೀರು ಬೇರೆ ಹೇಗಿದ್ದೀತು? ಅದರಲ್ಲಿ ಬಟ್ಟೆ ಸೋಪಿನ ಬಿಲ್ಲೆ ನೊರೆ ಕೊಡುವುದಿಲ್ಲ, ದ್ರಾವಣವೇ ವಾಸಿ. ಬೂದಿ ಬಳಸುವವರು ಬಳಸಿ. ಬೂದಿಯಲ್ಲಿ ಕ್ಷಾರವಿದೆ, ಅದು ಜಿಡ್ಡಿಗೆ ಒಳ್ಳೆಯ ಮದ್ದು. ತೊಳೆದ ಮೇಲೆ ಹುಳಿ ಹಚ್ಚಿ, ಐದು ನಿಮಿಷ ಸಾಕು. ನೀರು ಸುರಿದು ಆಗಿಂದಾಗಲೇ ಬಟ್ಟೆಯಿಂದ ಒರೆಸಿ.

ಒಮ್ಮೆ ನಮ್ಮ ನೆರೆಮನೆಯವರು ಬೂದಿ, ಹುಣಸೆಹಣ್ಣು ಎರಡನ್ನೂ ಒಟ್ಟಿಗೆ ಕಲಸಿ ತಿಕ್ಕುತ್ತಿದ್ದರು. ಹುಳಿ ಮತ್ತು ಕ್ಷಾರ ಕೂಡಿದರೆ ಒಂದರ ಬಲವನ್ನು ಇನ್ನೊಂದು ತಿನ್ನುತ್ತದೆ, ಎರಡೂ ದಂಡ ಎಂದೆ. "ಸರ್, ನೀವು ಪಾಠ ಹೇಳುವವರು, ತಿಕ್ಕುವವರು ನಾವು" ಎಂದರು. ಸರಿ, ಸುಮ್ಮನಾದೆ. ಆದರೆ ಅವರು ಹುಣಸೆ ನೀರಿನ ಪಾತ್ರೆಯನ್ನು ಎತ್ತಿದಾಗ ಕೆಳಗಿನ ಶಹಾಬಾದ್ ಕಲ್ಲಿನ ಮೇಲೆ ದುಂಡಗೆ ಒಂದು ಮಂಕು ಗುರುತು ಬಿದ್ದಿತ್ತು. ನುಣುಪಾದ ಕಲ್ಲು ಅಷ್ಟು ಜಾಗದಲ್ಲಿ ಮಾತ್ರ ತರಕಲಾಗಿತ್ತು. ಅದು ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ಆ ಗುರುತು ಇವತ್ತಿಗೂ ಹೋಗಿಲ್ಲ. ಮೊಬೈಲಿನಲ್ಲಿ ಸೋಡಾಪುಡಿಯ ಮೇಲೆ ನಿಂಬೆ ಹಿಂಡಿ ಬುರುಗು ಬರಿಸಿ ತೋರಿಸುತ್ತಾರಲ್ಲ, ಅದೂ ಇದೇ ಕಥೆ. ಬುರುಗು ನೋಡಲು ಚೆಂದ, ಅಷ್ಟೇ.

ಈಗ ನನಗೆ ಪ್ರಿಯವಾದ ಒಂದು ಪ್ರಸಂಗ. ಯಾವ ತರಗತಿಯಲ್ಲೂ ಇದನ್ನು ಹೇಳದೆ ಬಿಟ್ಟವನಲ್ಲ ನಾನು. ಬಂದೂಕಿನ ಕಾಡತೂಸಿನ ಹೊರಕವಚ ಹಿತ್ತಾಳೆಯದು. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಬ್ರಿಟಿಷರ ಆಳ್ವಿಕೆಯಲ್ಲಿ ಈ ನಮ್ಮ ದೇಶದಲ್ಲೇ ಸೈನ್ಯದವರು ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆಯಲ್ಲಿ ದಂಡಯಾತ್ರೆ ಇಲ್ಲ, ಲಾಯಕ್ಕೆ ಸೂರು ಇದೆ, ಇಟ್ಟರೆ ಏನಾದೀತು? ಮಳೆ ನಿಂತ ಮೇಲೆ ಪೆಟ್ಟಿಗೆ ತೆರೆದರೆ ಕವಚಗಳು ಬಿರುಕು ಬಿಟ್ಟಿದ್ದವು. ಯಾರೂ ಮುಟ್ಟಿಲ್ಲ, ಹಾರಿಸಿಲ್ಲ, ಬೀಳಿಸಿಲ್ಲ; ಹೊಚ್ಚಹೊಸ ಹಿತ್ತಾಳೆ ತಾನಾಗಿಯೇ ಸೀಳಿತ್ತು. ಮಳೆಗಾಲ ಬಂದರೆ ಈ ಕಾಟ. ಹವೆಯ ದೋಷ ಎಂದರು, ಋತುವಿನ ಬಿರುಕು ಎಂದೇ ಹೆಸರಿಟ್ಟರು. ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಲೋಹತಜ್ಞರು 1921ರಲ್ಲಿ ಅದರ ಗುಟ್ಟು ಬಿಡಿಸಿದರು. ತಪ್ಪು ಮಳೆಯದೊಂದೇ ಅಲ್ಲ, ಕುದುರೆಯದು! ಕುದುರೆಯ ಮೂತ್ರದಿಂದ ಅಮೋನಿಯಾ ಏಳುತ್ತದೆ. ತೇವದ ಗಾಳಿಯಲ್ಲಿ ಆ ಅಮೋನಿಯಾ ಹಿತ್ತಾಳೆಯ ತಾಮ್ರವನ್ನು ಹಿಡಿಯುತ್ತದೆ. ತಣ್ಣಗಿರುವಾಗಲೇ ಅಚ್ಚಿನಲ್ಲಿ ಎಳೆದು ಮಾಡಿದ ಕವಚ ಒಳಗೊಳಗೆ ಹೆದೆಯೇರಿಸಿದ ಬಿಲ್ಲಿನಂತೆ ಬಿಗಿದಿರುತ್ತದೆ. ಅಮೋನಿಯಾ ಒಂದು ಕೂದಲೆಳೆಯ ದಾರಿ ಮಾಡಿಕೊಟ್ಟರೆ ಸಾಕು, ಬಿಗಿತ ಉಳಿದ ಕೆಲಸ ಮುಗಿಸುತ್ತದೆ. ಕವಚವನ್ನು ಹದವಾಗಿ ಕಾಯಿಸಿ ಆ ಬಿಗಿತವನ್ನು ಇಳಿಸುವುದೇ ಅದಕ್ಕೆ ಪರಿಹಾರವಾಯಿತು. ಸಾಮ್ರಾಜ್ಯದ ಮದ್ದುಗುಂಡನ್ನು ಕುದುರೆಯ ಉಚ್ಚೆ ಸೀಳಿ ಹಾಕಿದ ಈ ಕಥೆ ಕೇಳಿದಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ನಿಮ್ಮ ಮನೆಯ ಕೊಡವೂ ಬಡಿದು ಮಾಡಿದ್ದೇ. ಅದನ್ನು ದನದ ಕೊಟ್ಟಿಗೆಯಲ್ಲಿ ತೂಗುಹಾಕಬೇಡಿ. ಅಂಗಡಿಯಿಂದ ತಂದ ಪಾಲಿಶ್ ಬಾಟಲಿ ತೆರೆದಾಗ ಮೂಗಿಗೆ ಗಾಟು ಹೊಡೆದರೆ ಅದರಲ್ಲಿ ಅಮೋನಿಯಾ ಇರಬಹುದೆಂದು ತಿಳಿಯಿರಿ, ಮುಚ್ಚಿ ಆಚೆ ಇಡಿ.

ಹೊರದೇಶಗಳಲ್ಲಿ ಗುರಿಕಾರರು ಹಾರಿಸಿದ ಕಾಡತೂಸಿನ ಕವಚಗಳನ್ನು ತೊಳೆದು ಮತ್ತೆ ತುಂಬಿಕೊಳ್ಳುತ್ತಾರೆ. ಅಲ್ಲಿಯೂ ತೊಂದರೆ ಮಸಿಯದೇ. ಮಸಿ ಮತ್ತು ಮರಳಿನ ಕಣ ಉಳಿದರೆ ಕವಚವನ್ನು ಮತ್ತೆ ಅಳತೆಗೆ ತರುವ ಅಚ್ಚಿಗೆ ಗೀರು ಬೀಳುತ್ತದೆ. ಅವರು ತಿರುಗುವ ಡಬ್ಬಿಯಲ್ಲಿ ನೀರು, ಪಾತ್ರೆ ತೊಳೆಯುವ ದ್ರಾವಣ, ಸಣ್ಣ ಉಕ್ಕಿನ ಕಡ್ಡಿಗಳು, ಚಿಟಿಕೆ ನಿಂಬೆ ಉಪ್ಪು ಹಾಕಿ ಉರುಳಿಸುತ್ತಾರೆ. ನೀರು ಬೇಡವೆನ್ನುವವರು ಅಕ್ರೋಟಿನ ಚಿಪ್ಪಿನ ಪುಡಿಯಲ್ಲೋ ಮೆಕ್ಕೆಜೋಳದ ದಿಂಡಿನ ಪುಡಿಯಲ್ಲೋ ಅಲುಗಾಡಿಸುತ್ತಾರೆ. ನೋಡಿ, ಮಸಿ ಬಿಡಿಸಲು ಅವರೂ ನಂಬಿದ್ದು ಸೋಪನ್ನು, ಹುಳಿ ಚಿಟಿಕೆಯಷ್ಟೇ. ಅಮೋನಿಯಾ ಇರುವ ಪಾಲಿಶ್ ಅಂತೂ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಾರೆ. ಆ ಮಸಿಯಲ್ಲಿ ಸೀಸವೂ ಇರುತ್ತದೆ, ಅಡುಗೆ ಪಾತ್ರೆಯಲ್ಲಿ ತೊಳೆಯುವಂಥದ್ದಲ್ಲ. ನಮ್ಮಲ್ಲಿ ಪರವಾನಗಿ ಇಲ್ಲದೆ ಕಾಡತೂಸು ತುಂಬುವುದು ಅಪರಾಧ, ಅದರ ಮಾತು ಇಲ್ಲಿಗೇ ಸಾಕು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ರಾತ್ರಿಯಿಡೀ ಹುಳಿಯಲ್ಲಿಟ್ಟ ದೀಪ ಬೆಳಿಗ್ಗೆ ಗುಲಾಬಿ ಬಣ್ಣಕ್ಕೆ ತಿರುಗಿದರೆ "ಎಷ್ಟು ಹೊಳಪು" ಎಂದು ಹಿಗ್ಗಬೇಡಿ. ಮೇಲ್ಪದರದ ಸತು ಕರಗಿ ತಾಮ್ರ ಎದ್ದು ಕಾಣುತ್ತಿದೆ. ಐದು ನಿಮಿಷ ಎಂದರೆ ಐದೇ ನಿಮಿಷ.

ಬೀದರ್ ಕಡೆಯ ಕೇಳುಗರಿಗೆ ಒಂದು ಮಾತು. ಬಿದರಿ ಹೂದಾನಿಯ ಕಪ್ಪು ಮಸಿಯೂ ಅಲ್ಲ, ಕಿಲುಬೂ ಅಲ್ಲ. ಬಿದರಿ ಎಂಬುದು ತಾಮ್ರ ಸ್ವಲ್ಪವೇ ಬೆರೆತ ಸತುವಿನ ಲೋಹ. ಕೋಟೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಕುಶಲಕರ್ಮಿಗಳು ಆ ಕಪ್ಪನ್ನು ಬರಿಸುತ್ತಾರೆ. ಬೆಳ್ಳಿಯ ಕುಸುರಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ನವಸಾಗರವೂ ಅಮೋನಿಯಾದ ಮನೆತನದ್ದೇ, ಹಿತ್ತಾಳೆಗೆ ಹಗೆ, ಬಿದರಿಗೆ ನಂಟ. ಹಬ್ಬದ ಗಡಿಬಿಡಿಯಲ್ಲಿ ಅದನ್ನೂ ಹುಣಸೆಹಣ್ಣಿನ ಬುಟ್ಟಿಗೆ ಸೇರಿಸಿದರೆ ಕಪ್ಪು ಕಳಚಿಹೋಗುತ್ತದೆ. ಬಿದರಿಗೆ ಸೋಪೂ ಬೇಡ, ಹುಳಿಯೂ ಬೇಡ. ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ. ನಮಸ್ಕಾರ.