ಐದು ಬಕೆಟ್ ಹಾಲು

ಎಲ್ಲರಿಗೂ ನಮಸ್ಕಾರ.

ಇವತ್ತು ನವೆಂಬರ್ 7, ರಷ್ಯಾದಲ್ಲಿ ಕ್ರಾಂತಿ ನಡೆದ ದಿನ. ಅವರ ಹಳೇ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 25 ಆಗಿದ್ದರಿಂದ ಅಕ್ಟೋಬರ್ ಕ್ರಾಂತಿ ಅಂತಲೇ ಹೆಸರು ಉಳಿಯಿತು. ಈ ದಿನವೇ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಬಗ್ಗೆ ಮಾತಾಡಿ ಎಂದು ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡೆ. ನಾವು ಆ ಪುಸ್ತಕವನ್ನು ಓದುವ ರೀತಿಯ ಮೇಲೆ ನನಗೆ ಬಹಳ ದಿನದ ಒಂದು ತಕರಾರಿದೆ.

ಕಥೆ ನಿಮಗೆಲ್ಲ ಗೊತ್ತಿರುವುದೇ: ಪ್ರಾಣಿಗಳು ಯಜಮಾನನನ್ನು ಓಡಿಸಿ ಜಮೀನನ್ನು ತಾವೇ ನಡೆಸಲು ಹೊರಡುತ್ತವೆ, ಕೊನೆಗೆ ಹಂದಿಗಳೇ ಹೊಸ ಯಜಮಾನರಾಗುತ್ತವೆ. ತರಗತಿಯಲ್ಲಿ ಪಟ್ಟಿ ಬರೆಸುತ್ತಾರೆ. ನೆಪೋಲಿಯನ್ ಹಂದಿ ಅಂದರೆ ರಷ್ಯಾದ ಸರ್ವಾಧಿಕಾರಿ ಸ್ಟಾಲಿನ್, ಸ್ನೋಬಾಲ್ ಹಂದಿ ಅಂದರೆ ಅವನು ಹೊರಗಟ್ಟಿದ ಎದುರಾಳಿ ಟ್ರಾಟ್‌ಸ್ಕಿ, ಬಾಕ್ಸರ್ ಕುದುರೆ ಅಂದರೆ ಕಾರ್ಮಿಕ ವರ್ಗ. ಹೊಂದಿಸಿ ಬರೆಯಿರಿ, ಐದು ಅಂಕ! ಪಟ್ಟಿ ತಪ್ಪೇನಲ್ಲ. ಆದರೆ ಅದು ಕೈಗೆ ಸಿಕ್ಕ ಕೂಡಲೇ ಪಾಪವೆಲ್ಲ ಒಬ್ಬ ಸ್ಟಾಲಿನ್ ತಲೆಗೆ ಹೋಗುತ್ತದೆ, ಉಳಿದವರೆಲ್ಲ ಕೈ ತೊಳೆದುಕೊಳ್ಳುತ್ತಾರೆ. ಪುಸ್ತಕ ಹಾಗೆ ಹೇಳುವುದಿಲ್ಲ. ಅದು ಕೇಳುವುದು ಒಂದೇ ಪ್ರಶ್ನೆ: ಹಾಲು ಎಲ್ಲಿ ಹೋಯಿತು?

ಅದಕ್ಕೆ ಬರುತ್ತೇನೆ. ಮೊದಲು ಈ ಕಥೆ ಹುಟ್ಟಿದ ಬಗೆ. ಸ್ಪೇನಿನ ಅಂತರ್ಯುದ್ಧದಲ್ಲಿ ಗಂಟಲಿಗೆ ಗುಂಡು ತಿಂದು, ಸ್ಟಾಲಿನ್‌ವಾದಿಗಳ ಬೇಟೆಯಿಂದ ತಪ್ಪಿಸಿಕೊಂಡು 1937ರಲ್ಲಿ ಊರಿಗೆ ಮರಳಿದ್ದ ಆರ್ವೆಲ್. ಸೋವಿಯೆತ್ ರಷ್ಯಾ ನಿಜವಾದ ಸಮಾಜವಾದಿ ದೇಶ ಎಂಬುದು ಮಿಥ್ಯೆ ಅಂತ ಯಾರಿಗಾದರೂ ಅರ್ಥವಾಗುವ ಕಥೆಯಲ್ಲಿ ಹೇಳಬೇಕು ಅನ್ನಿಸಿತ್ತು, ದಾರಿ ಹೊಳೆದಿರಲಿಲ್ಲ. ಆಗ ಅವನಿದ್ದದ್ದು ಒಂದು ಸಣ್ಣ ಹಳ್ಳಿಯಲ್ಲಿ. ಒಂದು ದಿನ ಇಕ್ಕಟ್ಟು ದಾರಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಬೆಟ್ಟದಂಥ ಗಾಡಿ ಕುದುರೆಯನ್ನು ಹೊಡೆದುಕೊಂಡು ಹೋಗುತ್ತಿದ್ದ. ಅದು ತಿರುಗಲು ನೋಡಿದಾಗೆಲ್ಲ ಚಾಟಿಯ ಏಟು. ಈ ಪ್ರಾಣಿಗಳಿಗೆ ತಮ್ಮ ಬಲ ತಿಳಿದುಬಿಟ್ಟರೆ ನಮ್ಮ ಆಟ ನಡೆದೀತೆ ಅನ್ನಿಸಿತಂತೆ ಅವನಿಗೆ. ಕಥೆ ಅಲ್ಲಿಂದ ಹೊರಟಿತು.

ನಮ್ಮೂರುಗಳಲ್ಲಿ ಇದನ್ನು ನೋಡದವರು ಯಾರಿದ್ದಾರೆ? ಎಂಟು ವರ್ಷದ ಪೋರ, ಚಡ್ಡಿ ಜಾರುತ್ತಿರುತ್ತದೆ, ಒಂದು ಕೈಯಲ್ಲಿ ಕಡಲೆಕಾಯಿ, ಇನ್ನೊಂದರಲ್ಲಿ ಜೋಡಿ ಎತ್ತಿನ ಹಗ್ಗ. ಎತ್ತು ಒಂದು ಸಲ ತಲೆ ಕೊಡವಿದರೆ ಪೋರ ಬೇಲಿಯಾಚೆಗೆ. ಆದರೆ ಅದು ಕೊಡವುವುದಿಲ್ಲ. ನಮ್ಮ ತಾತ ಮೂಗುದಾರ ಬದಲಿಸುವಾಗ ಎತ್ತಿನ ಗಂಗೆದೊಗಲು ನೇವರಿಸುತ್ತ ಅನ್ನುತ್ತಿದ್ದರು: “ಇವಕ್ಕೆ ತಮ್ಮ ಬಲ ಗೊತ್ತಿಲ್ಲ ಕಣ್ಲಾ, ಅದಕ್ಕೇ ನಾವು ಉಣ್ತಾ ಇದೀವಿ.” ಆರ್ವೆಲ್ ಓದುವಾಗೆಲ್ಲ ನನಗೆ ಆ ಮಾತು ಕೇಳಿಸುತ್ತದೆ.

ಪ್ರಾಣಿಗಳ ಬಾಯಲ್ಲಿ ರಾಜಕಾರಣ ಆಡಿಸುವುದು ನಮಗೆ ಹೊಸದಲ್ಲ. 11ನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದ. ಆದರೆ ಆ ಕಥೆಗಳು ರಾಜಕುಮಾರರಿಗೆ ಆಳುವುದನ್ನು ಕಲಿಸಲು ಹುಟ್ಟಿದವು. ಇಲ್ಲಿ ಕಥೆ ಕೇಳಬೇಕಾದವರು ಮೂಗುದಾರ ಇರುವವರು.

ಈಗ ಹಾಲು. ಯಜಮಾನ ಜೋನ್ಸ್‌ನನ್ನು ಓಡಿಸಿದ ಮರುದಿನ. ಹಸುಗಳ ಕೆಚ್ಚಲು ಬಿಗಿದಿದೆ, ಹಿಂದಿನ ದಿನ ಕರೆದಿಲ್ಲ. ಹಂದಿಗಳೇ ಹೇಗೋ ಕರೆಯುತ್ತವೆ. ಐದು ಬಕೆಟ್ ನೊರೆಹಾಲು. ಎಲ್ಲ ಪ್ರಾಣಿಗಳ ಕಣ್ಣೂ ಅದರ ಮೇಲೆ. ಒಂದು ಕೋಳಿ ಹೇಳುತ್ತದೆ, ಜೋನ್ಸ್ ಕೆಲವು ಸಲ ನಮ್ಮ ಮೇವಿಗೂ ಒಂದಿಷ್ಟು ಬೆರೆಸುತ್ತಿದ್ದ ಅಂತ. ನೆಪೋಲಿಯನ್ ಬಕೆಟ್‌ಗಳ ಮುಂದೆ ಬಂದು ನಿಲ್ಲುತ್ತಾನೆ: ಹಾಲಿನ ಚಿಂತೆ ಬಿಡಿ, ಮೊದಲು ಹುಲ್ಲು ಕೊಯ್ಯುವ ಕೆಲಸ. ಎಲ್ಲರೂ ಹೊಲಕ್ಕೆ ನಡೆಯುತ್ತಾರೆ. ಸಂಜೆ ಬಂದು ನೋಡಿದರೆ ಹಾಲಿಲ್ಲ. ಯಾರೂ ಬಾಯಿ ಬಿಡುವುದಿಲ್ಲ.

ಆಮೇಲೆ ತೋಟದ ಸೇಬೂ ಹಂದಿಗಳ ಪಾಲಾಗುತ್ತದೆ. ಈ ವಿಷಯದಲ್ಲಿ ಸ್ನೋಬಾಲ್‌ಗೂ ನೆಪೋಲಿಯನ್‌ಗೂ ಒಮ್ಮತ ಎಂದು ಆರ್ವೆಲ್ ಬಿಡಿಸಿಯೇ ಬರೆದಿದ್ದಾನೆ. ಟ್ರಾಟ್‌ಸ್ಕಿ ಗೆದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವವರು ಆ ಸಾಲನ್ನು ಇನ್ನೊಮ್ಮೆ ಓದಬೇಕು.

1946ರ ಡಿಸೆಂಬರಿನಲ್ಲಿ ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ ಆರ್ವೆಲ್ ತಾನೇ ಹೇಳುತ್ತಾನೆ: ಕಥೆ ತಿರುಗುವುದು ಹಾಲು, ಸೇಬು ಹಂದಿಗಳ ಪಾಲಾದಲ್ಲಿ. ಪಕ್ಕದಲ್ಲೇ ಆವರಣದಲ್ಲಿ ಒಂದು ಪದ: ಕ್ರೋನ್‌ಸ್ಟಾಟ್.

ಕ್ರೋನ್‌ಸ್ಟಾಟ್ ಪೆಟ್ರೋಗ್ರಾಡ್, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗ್, ಎದುರಿನ ದ್ವೀಪದಲ್ಲಿರುವ ಊರು, ನೌಕಾನೆಲೆ. 1917ರಲ್ಲಿ ಅಲ್ಲಿಯ ನಾವಿಕರು ಕ್ರಾಂತಿಯ ಮುಂಚೂಣಿಯಲ್ಲಿದ್ದವರು. 1921ರ ಫೆಬ್ರವರಿ 28ರಂದು ಅವರೇ ಪೆಟ್ರೊಪಾವ್‌ಲೋವ್ಸ್ಕ್ ಎಂಬ ಯುದ್ಧನೌಕೆಯಲ್ಲಿ ಸೇರಿ 15 ಬೇಡಿಕೆಗಳ ಗೊತ್ತುವಳಿ ಮಾಡಿದರು. ಸೋವಿಯೆತ್‌ಗಳಿಗೆ, ಅಂದರೆ ದುಡಿಯುವವರ ಮಂಡಳಿಗಳಿಗೆ, ಗುಪ್ತ ಮತದಾನದಿಂದ ಹೊಸ ಚುನಾವಣೆ ಆಗಲಿ, ಕಾರ್ಮಿಕರಿಗೂ ರೈತರಿಗೂ ವಾಕ್‌ಸ್ವಾತಂತ್ರ್ಯ ಇರಲಿ. ಅದರಲ್ಲಿ ಇನ್ನೊಂದು, ದಯವಿಟ್ಟು ಗಮನಿಸಿ: ದುಡಿಯುವ ಎಲ್ಲರಿಗೂ ಸಮಾನ ಪಡಿತರ ಕೊಡಿ. ಅಪಾಯದ ಕೆಲಸ ಮಾಡುವವರಿಗೆ ಮಾತ್ರ ವಿನಾಯಿತಿ ಇರಲಿ. ಹಾಲು ಎಲ್ಲಿ ಹೋಯಿತು ಅಂತ ಕೇಳಿದರು, ಅಷ್ಟೇ. ಉತ್ತರವಾಗಿ ಯುದ್ಧ ಸಚಿವ ಟ್ರಾಟ್‌ಸ್ಕಿಯಿಂದ ಶರಣಾಗಿ ಎಂಬ ಆಜ್ಞೆ ಬಂತು. ಕೆಂಪು ಸೇನೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಬಂತು. ಮಾರ್ಚ್ 18ಕ್ಕೆ ಎಲ್ಲ ಮುಗಿಯಿತು. ಅದು ಪ್ಯಾರಿಸ್ ಕಮ್ಯೂನಿನ, ಅಂದರೆ 1871ರ ಪ್ಯಾರಿಸ್ ಕಾರ್ಮಿಕರ ಬಂಡಾಯ ಸರ್ಕಾರದ, 50ನೇ ವರ್ಷಾಚರಣೆಯ ದಿನ. ಇಲ್ಲಿ ಕ್ರಾಂತಿಯ ನಾಯಕ ಲೆನಿನ್ ಇನ್ನೂ ಬದುಕಿದ್ದಾನೆ, ಅಧಿಕಾರದಲ್ಲಿದ್ದಾನೆ, ಸ್ಟಾಲಿನ್ ಆಳ್ವಿಕೆ ಇನ್ನೂ ಬಂದಿಲ್ಲ ಎಂಬುದನ್ನು ಮರೆಯಬೇಡಿ.

ಚೀಟಿ ಬಂದಿದೆ, ಐದು ನಿಮಿಷ ಅಂತೆ. ಗಾಳಿಯಂತ್ರ, ಪಂಚವಾರ್ಷಿಕ ಯೋಜನೆ, ಮಾಸ್ಕೋ ವಿಚಾರಣೆಗಳು ಎಲ್ಲ ಬಿಡುತ್ತೇನೆ, ನಿಮ್ಮ ಪಟ್ಟಿಯಲ್ಲಿ ಇವೆ. ಒಂದು ಮಾತ್ರ ಹೇಳಲೇಬೇಕು. ಪ್ರಾಣಿಗಳು ಕಟ್ಟಿದ ಗಾಳಿಯಂತ್ರವನ್ನು ಶತ್ರುಗಳು ಸ್ಫೋಟಿಸಿದಾಗ ನೆಪೋಲಿಯನ್ ಸಹಿತ ಎಲ್ಲರೂ ನೆಲಕ್ಕೆ ಬಿದ್ದರು ಎಂದು ಮೊದಲು ಬರೆದಿದ್ದ ಆರ್ವೆಲ್, ನೆಪೋಲಿಯನ್ ಹೊರತು ಎಲ್ಲರೂ ಎಂದು ತಿದ್ದಿಸಿದ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಹತ್ತಿರ ಬಂದರೂ ಸ್ಟಾಲಿನ್ ಮಾಸ್ಕೋ ಬಿಡಲಿಲ್ಲ, ಅವನಿಗೆ ಅನ್ಯಾಯವಾಗಬಾರದು ಅಂತ. ನಾನು ಈ ಲೇಖಕನನ್ನು ನಂಬುವುದು ಇಂಥದ್ದಕ್ಕೆ.

ಕೊನೆಯದಾಗಿ ಮತ್ತೆ ಕೋಳಿಗಳು. ಹಾಲಿನ ಮಾತೆತ್ತಿದ್ದು ಒಂದು ಕೋಳಿ, ನೆನಪಿರಲಿ. ವಾರಕ್ಕೆ 400 ಮೊಟ್ಟೆ ಕೊಡಬೇಕು ಎಂಬ ಆಜ್ಞೆಯಾದಾಗ ಎದುರು ನಿಂತವೂ ಕೋಳಿಗಳೇ. ಅವು ಅಟ್ಟದ ತೊಲೆ ಹತ್ತಿ ಮೊಟ್ಟೆಗಳನ್ನು ಕೆಳಗೆ ಒಡೆದವು. ನೆಪೋಲಿಯನ್ ಅವುಗಳ ಕಾಳು ನಿಲ್ಲಿಸಿದ. ಐದು ದಿನ. ಉಕ್ರೇನಿನ ರೈತರ ದನ, ಧಾನ್ಯ ಕಸಿದುಕೊಂಡಾಗ ಆದದ್ದೂ ಇದೇ. 1932–33ರಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು, ಬರಗಾಲವೇ ಇಲ್ಲ ಎಂದಿತು ಸರ್ಕಾರ. 1937ರ ಜನಗಣತಿಯಲ್ಲಿ ತಲೆಗಳ ಲೆಕ್ಕ ಕಡಿಮೆ ಬಂದಾಗ ಗಣತಿಯನ್ನೇ ರದ್ದು ಮಾಡಿ, ಗಣತಿ ಅಧಿಕಾರಿಗಳನ್ನು ಬಂಧಿಸಿದರು.

ಆ ಹುಡುಗ, ಆ ಕುದುರೆಯ ವಿಷಯವನ್ನು ಆರ್ವೆಲ್ ಬರೆದದ್ದು 1947ರ ಉಕ್ರೇನಿಯನ್ ಅನುವಾದದ ಮುನ್ನುಡಿಯಲ್ಲಿ. ಜರ್ಮನಿಯ ನಿರಾಶ್ರಿತ ಶಿಬಿರಗಳಲ್ಲಿದ್ದ ಉಕ್ರೇನಿಯನ್ನರಿಗಾಗಿ ಅಚ್ಚಾದ ಪುಸ್ತಕ ಅದು. ಆ ಬರಗಾಲ ಕಂಡವರೂ ಆ ಶಿಬಿರಗಳಲ್ಲಿದ್ದರು. ಕೋಳಿಗಳ ಅಧ್ಯಾಯಕ್ಕೆ ಬಂದಾಗ ಅವರಿಗೆ ಯಾವ ಪಟ್ಟಿಯೂ ಬೇಕಾಗಿರಲಿಲ್ಲ. ಆ ಐದು ದಿನಗಳಲ್ಲಿ ಸತ್ತ ಕೋಳಿಗಳು ಒಂಬತ್ತು. ರೋಗ ಬಂದು ಸತ್ತವು ಅಂತ ಸಾರಿ, ಅವನ್ನು ಆ ಸೇಬಿನ ತೋಟದಲ್ಲೇ ಹೂಳಿದರು.

ನಮಸ್ಕಾರ.