ಕಾಯಿಲೆ ಬಿದ್ದಾಗ: ಜರ್ಮನಿ ಮತ್ತು ದಾವಣಗೆರೆ

ವೀಕ್ಷಕರೇ, ನಮಸ್ಕಾರ. ನೀವೀಗ ನೋಡುತ್ತಿರುವುದು ದಾವಣಗೆರೆಯ ಪಿ.ಜೆ. ಬಡಾವಣೆ. ಕ್ಲಿನಿಕ್ಕುಗಳು, ಔಷಧಿ ಅಂಗಡಿಗಳು, ಲ್ಯಾಬುಗಳು ಎಲ್ಲವೂ ಕ್ಯಾಮೆರಾದಲ್ಲಿ ಕಾಣುತ್ತಿವೆ. ಜರ್ಮನಿಯ ಬದುಕು ಮೇಲೋ, ಇಲ್ಲಿಯದೋ ಎಂದು ಬಹಳ ಮಂದಿ ಕೇಳಿದ್ದೀರಿ. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ ಜರ್ಮನಿಗೆ 5ನೇ ಸ್ಥಾನ, ಭಾರತಕ್ಕೆ 130ನೇ ಸ್ಥಾನ. ಆ ಅಂತರ ಮನೆಯೊಳಗೆ ಹೇಗಿರುತ್ತದೆ ಎಂಬುದು ನನಗೆ ಅರ್ಥವಾದದ್ದು ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ. ಆದ್ದರಿಂದ ಇಂದು ಅದೊಂದನ್ನೇ ಮಾತನಾಡುತ್ತೇನೆ.

ವೈದ್ಯರು ಸಿಗುವ ವಿಷಯದಲ್ಲಿ ದಾವಣಗೆರೆಯೇ ಮೇಲು. ಬೆಳಿಗ್ಗೆ ಕಿವಿ ನೋವು ಬಂದರೆ ಸಂಜೆಯೊಳಗೆ ತಜ್ಞರು ನೋಡಿ ಚೀಟಿ ಬರೆದುಕೊಟ್ಟಿರುತ್ತಾರೆ. ಜರ್ಮನಿಯಲ್ಲಿ ನಾನಿದ್ದ ಸ್ಟುಟ್‌ಗಾರ್ಟಿನಲ್ಲಿ ಚರ್ಮರೋಗ ತಜ್ಞರನ್ನು ಕಾಣಲು ನಾನು ವಾರಗಟ್ಟಲೆ ತುರಿಕೆ ಸಹಿಸಿಕೊಂಡು ಕಾದಿದ್ದೇನೆ.

ಆದರೆ ಅರವತ್ತು ದಾಟಿದ ನಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ರಾತ್ರಿ ಈ ಅಭಿಪ್ರಾಯ ನಿಲ್ಲಲಿಲ್ಲ. ಅಮ್ಮ ಸ್ಟ್ರೆಚರ್ ಮೇಲೆ ನರಳುತ್ತಿದ್ದರು. ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗ, "ಮೇಡಂ, ಮೊದ್ಲು 80 ಸಾವಿರ ಅಡ್ವಾನ್ಸ್ ಕಟ್ಟಿ ಬರ್ರಿ" ಎಂದ. ನನ್ನ ಜರ್ಮನ್ ಕಾರ್ಡು ಅವನ ಯಂತ್ರದಲ್ಲಿ ನಡೆಯಲಿಲ್ಲ. ಸೋದರಮಾವ ಎರಡು ಎಟಿಎಂ ಸುತ್ತಿ, ಉಳಿದದ್ದನ್ನು ಪರಿಚಯದ ಅಡಿಕೆ ವ್ಯಾಪಾರಿಯೊಬ್ಬರಿಂದ ಕೈಸಾಲ ತಂದು ಕಟ್ಟಿದ ಮೇಲೆಯೇ ಅಮ್ಮನನ್ನು ವಾರ್ಡಿಗೆ ಸೇರಿಸಿಕೊಂಡರು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ನಮ್ಮಂಥ ಎಪಿಎಲ್ ಕುಟುಂಬಕ್ಕೆ ಯೋಜನೆ ನಿಗದಿಪಡಿಸಿದ ಪ್ಯಾಕೇಜ್ ದರದ ಶೇಕಡಾ 30ರಷ್ಟು ಮಾತ್ರ. ಆ ರಾತ್ರಿ ಕೌಂಟರಿನಲ್ಲಿ ಅದರ ಮಾತನ್ನೂ ಯಾರೂ ಎತ್ತಲಿಲ್ಲ.

ಜರ್ಮನಿಯಲ್ಲಿ ನನ್ನ ಪತಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದಾಗ ವಿಮಾ ಕಾರ್ಡು ತೋರಿಸಿದ್ದಷ್ಟೇ ನಮ್ಮ ಕೆಲಸ. ಅಲ್ಲಿ ಒಳರೋಗಿ ದಿನಕ್ಕೆ 10 ಯೂರೋ ಕೊಡಬೇಕು, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನಗಳಿಗೆ. ಆಮೇಲೆ ಮನೆಗೆ ಬಂದ ಬಿಲ್ಲು ನಮ್ಮ ತಿಂಗಳ ತರಕಾರಿ ಖರ್ಚಿಗಿಂತ ಕಡಿಮೆಯಿತ್ತು. ಇದು ಧರ್ಮಾರ್ಥವಲ್ಲ. ಸಂಬಳದ ಶೇಕಡಾ 14.6ರಷ್ಟು ಮೊತ್ತ ಮತ್ತು ಅದರ ಮೇಲೊಂದು ಹೆಚ್ಚುವರಿ ವಂತಿಗೆ ಆರೋಗ್ಯ ವಿಮೆಗೆ ಹೋಗುತ್ತದೆ. ಅರ್ಧ ನಮ್ಮದು, ಅರ್ಧ ಮಾಲೀಕರದು. ಪ್ರತಿ ತಿಂಗಳು ಸಂಬಳದ ಚೀಟಿ ನೋಡುವಾಗ ಹೊಟ್ಟೆ ಉರಿಯುತ್ತಿದ್ದುದು ನಿಜ, ಈಗ ಉರಿಯುವುದಿಲ್ಲ.

ಈ ಪದ್ಧತಿ ಅಲ್ಲಿ 1883ರ ಕಾನೂನಿನಿಂದ ಆರಂಭವಾಯಿತು. ನಮ್ಮಲ್ಲೂ ಇದು ಇಲ್ಲದಿಲ್ಲ: 1948ರ ಕಾಯ್ದೆಯಿಂದ ಆರಂಭವಾದ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಆಧಾರವೂ ಇಂಥ ವಂತಿಗೆಯೇ, ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಈ ಊರಿಗೆ ಅದು ಹೊಸದೇನಲ್ಲ. ಆದರೆ ತಿಂಗಳಿಗೆ 21,000 ರೂಪಾಯಿಗಿಂತ ಹೆಚ್ಚು ಸಂಬಳದವರು ಅದರ ಹೊರಗೆ, ಹತ್ತು ಮಂದಿಯೂ ಇಲ್ಲದ ಸಣ್ಣ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ಬೇಯುವವರೂ ಹೊರಗೆ. ಆ ಮಿತಿಗಳನ್ನು ತೆಗೆದು ಎಲ್ಲರನ್ನೂ ಒಳಗೆ ತರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನೀವು ಒಪ್ಪದಿದ್ದರೆ ಕಾರಣ ಬರೆಯಿರಿ, ಓದುತ್ತೇನೆ.

ಅಮ್ಮನ ಫಿಸಿಯೋಥೆರಪಿಯ ಹೊತ್ತಾಯಿತು, ಒಳಗೆ ಚಿತ್ರೀಕರಣಕ್ಕೆ ಅನುಮತಿಯಿಲ್ಲ. ಮುಂದಿನ ಭಾಗದಲ್ಲಿ ಎರಡೂ ಕಡೆಯ ಮನೆ ಬಾಡಿಗೆಯ ಬಗ್ಗೆ ಮಾತನಾಡೋಣ.