ರೋಗಿಗೆ ಏನು ಸಿಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಜುಲೈ 1 ನಮ್ಮ ದೇಶದಲ್ಲಿ ವೈದ್ಯರ ದಿನ. ಡಾ. ಬಿಧಾನ್ ಚಂದ್ರ ರಾಯ್ ಹುಟ್ಟಿದ್ದೂ ಆ ದಿನವೇ, ತೀರಿಕೊಂಡದ್ದೂ ಆ ದಿನವೇ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾದ ಮೇಲೂ ಅವರು ರೋಗಿಗಳನ್ನು ನೋಡುವುದನ್ನು ಬಿಡಲಿಲ್ಲ. 1928ರಲ್ಲಿ ಕಲ್ಕತ್ತದಲ್ಲಿ ಶುರುವಾದ ವೈದ್ಯರ ಸಂಘವನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ಅದೇ ಇವತ್ತಿನ ಭಾರತೀಯ ವೈದ್ಯಕೀಯ ಸಂಘ. ನೀವು ಪತ್ರಿಕೆಯಲ್ಲಿ ಓದುವ ಐಎಂಎ.

ಐಎಂಎ ಅಂದಕೂಡಲೇ ನಿಮಗೆ ಏನು ನೆನಪಾಗುತ್ತದೆ? ಒಪಿಡಿ ಬಂದ್. ಆಸ್ಪತ್ರೆ ಬಾಗಿಲಲ್ಲಿ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತ ಡಾಕ್ಟರುಗಳು. "ಇವರಿಗೆ ಇನ್ನೇನು ಕಮ್ಮಿಯಾಗಿದೆಯಪ್ಪ" ಅನ್ನುವ ಮಾತು. ಈ ಮಾತನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆ ಮನೆಯಲ್ಲಿ ಕೇಳಿದ್ದೇನೆ, ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೂ ಕೇಳಿದ್ದೇನೆ. ಅದಕ್ಕೇ ಇವತ್ತು ಒಂದೇ ಒಂದು ವಿಷಯ ಹೇಳುತ್ತೇನೆ. ವೈದ್ಯರ ಸಂಘ ಏನಾದರೂ ಕೇಳಿದರೆ, ನೀವು ಒಂದು ಪ್ರಶ್ನೆ ಹಾಕಿ: ಇದರಿಂದ ರೋಗಿಗೆ ಏನು ಸಿಗುತ್ತದೆ? ಉತ್ತರ ಸಿಕ್ಕರೆ ಆ ಬೇಡಿಕೆ ನಿಮ್ಮದೂ ಹೌದು. ಸಿಗದಿದ್ದರೆ ಸಂಘ ಅದನ್ನು ಎತ್ತಲೇಬಾರದು. ಇದನ್ನು ನಾನು ನಮ್ಮ ಶಾಖೆಯ ಸಭೆಗಳಲ್ಲೂ ಹೇಳುತ್ತಾ ಬಂದಿದ್ದೇನೆ.

ಒಂದು ಗೊಂದಲ ಮೊದಲು ಬಿಡಿಸಿಬಿಡೋಣ. ಐಎಂಎ ಯಾರಿಗೂ ಲೈಸೆನ್ಸ್ ಕೊಡುವುದಿಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಆ ಅಧಿಕಾರ ಇರುವುದು ರಾಜ್ಯದ ವೈದ್ಯಕೀಯ ಪರಿಷತ್ತಿಗೆ, ಅದರ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ. ಐಎಂಎ ಅಂದರೆ ತಾವಾಗಿಯೇ ಸದಸ್ಯರಾದ ವೈದ್ಯರ ಕೂಟ. 3 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ, ಸಣ್ಣ ಊರುಗಳಲ್ಲೂ ಶಾಖೆ ಇದೆ. ಅದರ ಕೈಯಲ್ಲಿ ಕಾನೂನಿನ ಕೋಲಿಲ್ಲ. ಇರುವುದು ಒಂದೇ ಶಕ್ತಿ: ನಿಮ್ಮ ಬೀದಿಯ ಡಾಕ್ಟರನ್ನು ನೀವು ನಂಬುತ್ತೀರಲ್ಲ, ಆ ನಂಬಿಕೆ.

ಆ ಶಕ್ತಿ ಎಂಥದ್ದು ಅನ್ನುವುದಕ್ಕೆ ಪೋಲಿಯೋ ಕಥೆ ಹೇಳಬೇಕು. ಪಲ್ಸ್ ಪೋಲಿಯೋ ದೇಶದಾದ್ಯಂತ ಶುರುವಾದದ್ದು 1995ರಲ್ಲಿ. ಲಸಿಕೆ ತಂದದ್ದು ಸರ್ಕಾರ, ಮನೆ ಮನೆ ಅಲೆದದ್ದು ಆರೋಗ್ಯ ಕಾರ್ಯಕರ್ತೆಯರು. ದೊಡ್ಡ ಕೆಲಸ ಅವರದೇ. ಆದರೆ ಪ್ರತಿ ಊರಿನಲ್ಲೂ ಕೆಲವು ಬಾಗಿಲು ತೆರೆಯುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ ಹನಿ ಹಾಕಿದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಪಿ ಅಕ್ಷರ ಬರೆಯುತ್ತಿದ್ದರು, ಬಾಕಿ ಉಳಿದ ಮನೆಗೆ ಎಕ್ಸ್. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಒಂದೇ ಓಣಿಯಲ್ಲಿ ಸಾಲಾಗಿ ಎಕ್ಸ್ ಬಿದ್ದಿತ್ತು. ಆರೋಗ್ಯ ಇಲಾಖೆಯವರು ನಮ್ಮ ಶಾಖೆಗೆ ಹೇಳಿಕಳಿಸಿದರು. ನಾವು ಕೂತು ಪಟ್ಟಿ ಹಂಚಿಕೊಂಡೆವು. ಯಾರ ರೋಗಿಗಳು ಯಾವ ಮನೆಯಲ್ಲಿದ್ದಾರೋ ಆ ಮನೆಗೆ ಅವರೇ ಹೋಗಬೇಕು.

ಆ ಓಣಿ ನಮ್ಮ ಹಿರಿಯ ವೈದ್ಯರೊಬ್ಬರ ಪಾಲಿಗೆ ಬಂತು. ಅವರ ಜೊತೆ ನಾನೂ ಹೋದೆ. ಮೊದಲನೇ ಮನೆಯಲ್ಲೇ ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದರು. ಆಕೆಯ ತಕರಾರು ಇಷ್ಟೇ: "ಹೋದ ಸಲ ಹಾಕಿಸಿದ್ದೀವಿ, ಅದರ ಹಿಂದಿನ ಸಲವೂ ಹಾಕಿಸಿದ್ದೀವಿ. ಮತ್ತೆ ಮತ್ತೆ ಯಾಕೆ? ಔಷಧಿ ಕೆಟ್ಟದ್ದು ಅಂತ ತಾನೇ?" ನೋಡಿ, ಎಷ್ಟು ಸರಿಯಾದ ಪ್ರಶ್ನೆ! ನಾವು ಮೂಢನಂಬಿಕೆ ಅಂದುಕೊಂಡು ಹೋದರೆ, ಆಕೆ ಲಸಿಕೆಯ ಗುಣಮಟ್ಟ ಕೇಳುತ್ತಿದ್ದರು. ಹಿರಿಯರು ಚಪ್ಪಲಿ ಬಿಟ್ಟು ಜಗಲಿ ಮೇಲೆ ಕೂತರು. ಐಸ್ ತುಂಬಿದ ಡಬ್ಬಿಯಿಂದ ಒಂದು ಸೀಸೆ ತೆಗೆದು ಆಕೆಯ ಅಂಗೈ ಮೇಲೆ ಇಟ್ಟರು. ಆ ಸೀಸೆಯ ಚೀಟಿಯ ಮೇಲೆ ಒಂದು ಸಣ್ಣ ವೃತ್ತ ಇರುತ್ತದೆ, ಅದರೊಳಗೆ ಒಂದು ಚೌಕ. ಸೀಸೆಗೆ ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿ ಇದೆ. ಎರಡೂ ಒಂದೇ ಬಣ್ಣವಾದರೆ ಎಸೆಯಬೇಕು. "ನೋಡು ತಾಯಿ, ಚೌಕ ಬೆಳ್ಳಗಿದೆಯೋ ಇಲ್ಲವೋ ನೀನೇ ಹೇಳು" ಅಂದರು. ಆಕೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು, ಸೊಸೆಗೂ ತೋರಿಸಿದರು. ಆಮೇಲೆ ಹಿರಿಯರು ಹೇಳಿದರು, ಮಗುವಿನ ಹೊಟ್ಟೆಯಲ್ಲಿ ಒಂದೊಂದು ಸಲ ಹನಿ ಸರಿಯಾಗಿ ಹತ್ತುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಹಾಕುವುದು, ಜಾಸ್ತಿಯಾದರೆ ತೊಂದರೆಯಿಲ್ಲ ಅಂತ. ಅಜ್ಜಿ ಮಗುವನ್ನು ಎತ್ತಿಕೊಂಡು ಬಂದು, "ನೀವೇ ಹಾಕಿ, ಬೇರೆಯವರು ಬೇಡ" ಅಂದರು. ಎರಡು ಹನಿ. ಎಡಗೈ ಕಿರುಬೆರಳಿಗೆ ಶಾಯಿ. ಅಷ್ಟೇ ಅಲ್ಲ, ಪಕ್ಕದ ಮನೆಗೆ ನಮಗಿಂತ ಮುಂಚೆ ಆಕೆಯೇ ಹೋಗಿ ಚೌಕದ ವಿಷಯ ಹೇಳಿದರು. ಸಂಜೆಯೊಳಗೆ ಆ ಓಣಿಯ ಎಕ್ಸ್‌ಗಳೆಲ್ಲ ಅಳಿಸಿದವು.

ಇಂಥ ಓಣಿಗಳು ದೇಶದಲ್ಲಿ ಎಷ್ಟೋ ಸಾವಿರ ಇದ್ದವು. 2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೋ ಬಂದಿತ್ತು. 2010ರಲ್ಲಿ 42. 2011ರ ಜನವರಿಯಲ್ಲಿ ಹೌರಾದ ಒಂದು ಹೆಣ್ಣುಮಗು, ಅದೇ ಕೊನೆಯದು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ಆಗ್ನೇಯ ಏಷ್ಯಾ ಭಾಗವನ್ನು ಪೋಲಿಯೋಮುಕ್ತ ಎಂದು ಘೋಷಿಸಿತು. ಈ ಸಂಖ್ಯೆಗಳನ್ನು ಹೇಳುವಾಗ ಇವತ್ತಿಗೂ ನನಗೆ ರೋಮಾಂಚನವಾಗುತ್ತದೆ.

ಕ್ಷಯದ್ದೂ ಹೀಗೇ, ಚಿಕ್ಕದಾಗಿ ಹೇಳುತ್ತೇನೆ. ಖಾಸಗಿ ವೈದ್ಯರು ಟಿಬಿ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಖಾಸಗಿ ವೈದ್ಯರನ್ನು ಈ ಕೆಲಸಕ್ಕೆ ಸೇರಿಸಲು ಸಂಘ ದುಡಿದಿದೆ. ರೋಗಿಗೆ ಏನು ಸಿಗುತ್ತದೆ? ಹೆಸರು ನೋಂದಾಯಿಸಿದರೆ ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಔಷಧಿ ಉಚಿತ. ದಯವಿಟ್ಟು ಹೆಸರು ಮುಚ್ಚಿಡಿ ಎಂದು ನಿಮ್ಮ ಡಾಕ್ಟರನ್ನು ಬೇಡಬೇಡಿ.

ಪೋಲಿಯೋ ಮಾತಿನಲ್ಲೇ ಅರ್ಧ ಸಮಯ ಹೋಯಿತು. ಈಗ ಮುಷ್ಕರದ ವಿಷಯಕ್ಕೆ ಬರುತ್ತೇನೆ.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರ ನಡೆದು ಕೊಲೆಯಾಯಿತು. ಐಎಂಎ ಆಗಸ್ಟ್ 17ರ ಬೆಳಿಗ್ಗೆ 6ರಿಂದ 24 ಗಂಟೆ ಕೆಲಸ ನಿಲ್ಲಿಸಿತು. ತುರ್ತು ಚಿಕಿತ್ಸೆ ನಿಲ್ಲಲಿಲ್ಲ, ಇದನ್ನು ಗಮನಿಸಿ. ಅವತ್ತು ಸಂಘ ಕೇಳಿದ್ದರಲ್ಲಿ ಭದ್ರತೆಯ ಜೊತೆಗೆ ಇನ್ನೊಂದು ಮಾತಿತ್ತು: 36 ಗಂಟೆಯ ಡ್ಯೂಟಿ ಬದಲಾಗಬೇಕು, ವಿಶ್ರಾಂತಿಗೆ ಸುರಕ್ಷಿತ ಜಾಗ ಬೇಕು. ರೋಗಿಗೆ ಏನು ಸಿಗುತ್ತದೆ ಎಂದು ಕೇಳಿ. ನಿನ್ನೆ ಬೆಳಿಗ್ಗೆಯಿಂದ ಕಣ್ಣು ಮುಚ್ಚದ ಹುಡುಗಿ ರಾತ್ರಿ ಮೂರು ಗಂಟೆಗೆ ನಿಮ್ಮ ಮಗುವಿನ ತೂಕ ನೋಡಿ ಇಂಜೆಕ್ಷನ್ನಿನ ಪ್ರಮಾಣ ಲೆಕ್ಕ ಹಾಕಬೇಕು. ದಶಮಾಂಶದ ಒಂದು ಚುಕ್ಕಿ ಜರುಗಿದರೆ ಹತ್ತು ಪಟ್ಟು ಔಷಧಿ. ಆಕೆಯ ನಿದ್ದೆ ನಿಮ್ಮ ಮಗುವಿನ ಜೀವರಕ್ಷೆ. ಇದು ಡಾಕ್ಟರ ಸುಖದ ಬೇಡಿಕೆ ಅನ್ನುವವರು ದಯವಿಟ್ಟು ಯೋಚಿಸಿ.

ಕೇಳಿದ ಕೂಡಲೇ ಸಿಗುವುದೂ ಉಂಟು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದಲ್ಲಿ, ವೈದ್ಯರ ಮೇಲೆ ಹಲ್ಲೆಗಳಾದಾಗ ಐಎಂಎ ಮೇಣದ ಬತ್ತಿ ಹಚ್ಚಿ ಪ್ರತಿಭಟಿಸುತ್ತೇವೆ ಅಂದಿತು. ಗೃಹ ಸಚಿವರು ಮಾತುಕತೆ ನಡೆಸಿದರು, ಸಂಘ ಪ್ರತಿಭಟನೆ ಹಿಂಪಡೆಯಿತು, ಅದೇ ದಿನ, ಏಪ್ರಿಲ್ 22ರಂದು, ಸುಗ್ರೀವಾಜ್ಞೆ ಬಂತು. ತೀವ್ರ ಗಾಯ ಮಾಡಿದವರಿಗೆ 7 ವರ್ಷದವರೆಗೂ ಜೈಲು. ಆದರೆ ಅದು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ. ಕರ್ನಾಟಕದಲ್ಲಿ ಇಂಥ ಹಲ್ಲೆಗಳ ವಿರುದ್ಧ 2009ರ ಕಾಯ್ದೆ ಇದೆ, ಆದರೆ ಇಡೀ ದೇಶಕ್ಕೆ ಒಂದು ಕಾಯ್ದೆ ಬೇಕೆಂದು ಸಂಘ ಕೇಳುತ್ತಲೇ ಬಂದಿದೆ.

ಸೋತದ್ದನ್ನೂ ಹೇಳಬೇಕು. ವೈದ್ಯರ ಸೇವೆಯನ್ನು ಗ್ರಾಹಕರ ಕಾನೂನಿನಿಂದ ಹೊರಗಿಡಿ ಎಂದು ಐಎಂಎ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1995ರಲ್ಲಿ ಕೋರ್ಟು ಒಪ್ಪಲಿಲ್ಲ. ಹಣ ಪಡೆದು ಕೊಡುವ ಚಿಕಿತ್ಸೆ ಆ ಕಾನೂನಿನೊಳಗೇ ಬರುತ್ತದೆ ಎಂದಿತು. ನನ್ನ ಪ್ರಶ್ನೆಯನ್ನು ಅಲ್ಲಿಗೂ ಹಚ್ಚಿ ನೋಡಿ. ಆ ಬೇಡಿಕೆಯಿಂದ ರೋಗಿಗೆ ಏನೂ ಸಿಗುತ್ತಿರಲಿಲ್ಲ. ಸೋತದ್ದೇ ಸರಿ.

ಸಮಯವಾಗುತ್ತಾ ಬಂತು. ಆಸ್ಪತ್ರೆಯಲ್ಲಿ ನಿಮ್ಮವರಿಗೆ ಅನ್ಯಾಯವಾಗಿದೆ ಅನ್ನಿಸಿದರೆ ಕಲ್ಲೆತ್ತಿಕೊಳ್ಳಬೇಡಿ. ಗಾಜು ಒಡೆಸಿಕೊಂಡ ಸಣ್ಣ ಊರಿನ ನರ್ಸಿಂಗ್ ಹೋಂ ಮುಂದಿನ ಸಲ ಎದೆನೋವಿನ ರೋಗಿಯನ್ನು ಒಳಗೆ ಕರೆದುಕೊಳ್ಳಲು ಹೆದರುತ್ತದೆ. ದೊಡ್ಡಾಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಡುತ್ತದೆ. ಆಂಬ್ಯುಲೆನ್ಸಿನಲ್ಲಿ ಕಳೆದುಹೋಗುವ ಆ ಹೊತ್ತು ನಿಮ್ಮದೇ ಊರಿನ ರೋಗಿಯದು. ಕಲ್ಲಿನ ಬದಲು ಒಂದು ಅರ್ಜಿ ಬರೆಯಿರಿ. ಚಿಕಿತ್ಸೆಯ ದಾಖಲೆ ಬೇಕು ಎಂದು ರೋಗಿಯಾಗಲಿ, ಅವರ ಪರವಾಗಿ ಅಧಿಕೃತರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಾವಳಿಯಲ್ಲೇ ಇದೆ. ಅರ್ಜಿಯ ಒಂದು ಪ್ರತಿಗೆ ಸಹಿ, ಮೊಹರು ಹಾಕಿಸಿ ಇಟ್ಟುಕೊಳ್ಳಿ. ವೈದ್ಯರ ತಪ್ಪಿದೆ ಅನ್ನಿಸಿದರೆ ಬೆಂಗಳೂರಿನಲ್ಲಿರುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಿ, ಪರಿಹಾರ ಬೇಕಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಎರಡೂ ಕಡೆ ಮೊದಲು ಕೇಳುವುದು ಅದೇ ದಾಖಲೆಯನ್ನು.

ನಮಸ್ಕಾರ.